ಮೀನಿನ ಹೆಪ್ಪು

ನಾನು ಮಾರುತ್ತಿದ್ದ ಸರಕಿಗೆ ಪ್ಯಾಕೆಟ್ಟಿನ ಮೇಲಿದ್ದ ಹೆಸರು ಪ್ರೊಬಯೋಟಿಕ್. ಆ ಹೆಸರು ಹೇಳಿಕೊಂಡು ಬೈಲಹೊಂಗಲದ ಸುತ್ತಮುತ್ತ ಏನನ್ನೂ ಮಾರಲಾಗುವುದಿಲ್ಲ ಎಂಬುದು ನನಗೆ ಬೇಗನೇ ತಿಳಿಯಿತು. ಮೀನು ಸಾಕುವವರ ಮುಂದೆ ನಾನು ನಾಲಿಗೆ ಹೊರಳಿಸಿ ಆ ಪದ ಹೇಳುವುದು, ಅವರು ‘ಅಂದರ ಟಾನಿಕ್ಕೇನ್ರಿ, ಗೊಬ್ಬರೇನ್ರಿ’ ಎಂದು ಕೇಳುವುದು, ನಾನು ವಿವರಿಸುವುದು, ಅವರು ಆಕಳಿಸುವುದು. ಕೊನೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ. ‘ಮೀನಿನ ಹೆಪ್ಪು ಅನ್ರಿ. ಹೆಪ್ಪು ಅಂದರ ಯಾರಿಗರ ತಿಳೀತೈತಿ’ ಎಂದಳು. ಅವಳ ಮಾತು ಸರಿಯಾಗಿತ್ತು. ಹಾಲಿಗೆ ಹೆಪ್ಪು ಹಾಕದ ಮನೆ ನಮ್ಮ ಕಡೆ ಎಲ್ಲಿದೆ?

ಕೆಲಸವೂ ಹೆಚ್ಚುಕಡಿಮೆ ಹೆಪ್ಪಿನದೇ. ಬೆಲ್ಲ, ಅಕ್ಕಿಯ ತೌಡು, ತಣ್ಣೀರು ಸೇರಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಬೇಕು. ಅದಕ್ಕೆ ಒಳ್ಳೆಯ ಸೂಕ್ಷ್ಮಾಣುಗಳ ಪುಡಿ ಬೆರೆಸಿ ನೆರಳಿನಲ್ಲಿ ಬಿಟ್ಟರೆ ಕೆಲವು ದಿನಗಳಲ್ಲಿ ನೊರೆ ಏಳುತ್ತದೆ, ದೋಸೆ ಹಿಟ್ಟು ಹುದುಗಿದ ವಾಸನೆ ಬರುತ್ತದೆ. ಅದನ್ನು ಶೇಂಗಾ ಹಿಂಡಿಯ ಜೊತೆ ಕಲಸಿ, ನೆರಳಲ್ಲೇ ಆರಿಸಿ ಮೀನಿಗೆ ಹಾಕಬೇಕು. ಮೀನಿನ ಕರುಳಿನಲ್ಲಿ ಈ ಒಳ್ಳೆಯವು ಮೊದಲೇ ಜಾಗ ಹಿಡಿದು ಕುಳಿತರೆ ರೋಗ ತರುವ ಕೆಟ್ಟವಕ್ಕೆ ಕಾಲೂರಲು ಎಡೆ ಸಿಗುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಎಂದು ನಾನು ಹೇಳುತ್ತಿದ್ದೆ. ಸಂತೆಯ ದಿನ ರಾಮದುರ್ಗದ ಬಸ್ಸು ಹತ್ತಿದವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುತ್ತಿರಲಿಲ್ಲ. ಇದು ಬಂದ ರೋಗ ಬಿಡಿಸುವ ಔಷಧವಲ್ಲ, ರೋಗ ಬರದ ಹಾಗೆ ಕಾಯುವ ಸರಕು. ಒಂದೇ ಷರತ್ತು, ಅದು ಜೀವಂತ ಇರಬೇಕು.

ಅದಕ್ಕೂ ಮೊದಲು ನಾನು ಪೇಟೆಯ ಒಂದು ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದನದ ಔಷಧ, ಕೋಳಿಯ ಔಷಧ, ಆಮೇಲಾಮೇಲೆ ಮೀನಿನದೂ. ಕೃಷಿಹೊಂಡಗಳಲ್ಲಿ, ಉಪ್ಪೇರಿ ಸವಳು ಹಿಡಿದ ಹೊಲಗಳಲ್ಲಿ ಜನ ಕಾಟ್ಲಾ, ರೋಹು, ಗೆಂಡೆ ಸಾಕತೊಡಗಿದ್ದ ಕಾಲ ಅದು. ಮೀನಿನ ಹೊಟ್ಟೆಯ ಮೇಲೆ ಕೆಂಪು ಕಲೆ ಬಂತೆಂದು, ರೆಕ್ಕೆ ಕೊಳೆಯಿತೆಂದು ಫೋಟೊ ತೆಗೆದುಕೊಂಡು ಬರುತ್ತಿದ್ದರು. ನಾವು ಮಾತ್ರೆಯ ಡಬ್ಬಿ ಕೊಡುತ್ತಿದ್ದೆವು. ಮೊದಲ ಸಲ ಆ ಮಾತ್ರೆ ಕೆಲಸ ಮಾಡುತ್ತಿತ್ತು, ಎರಡನೆಯ ಸಲ ಅರ್ಧ ಮಾಡುತ್ತಿತ್ತು, ಆಮೇಲೆ ಏನೂ ಮಾಡುತ್ತಿರಲಿಲ್ಲ. ಒಂದು ತರಬೇತಿಗೆ ಹೋಗಿ ಬಂದ ಮೇಲೆ ನಾನು ಅಂಗಡಿ ಬಿಟ್ಟೆ. ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನೂ ಹೆಂಡತಿಯೂ ಹೆಪ್ಪು ಮಾಡತೊಡಗಿದೆವು.

ಮುರಗೋಡದ ಕಡೆಯವರು, ರಾಮದುರ್ಗದ ಕಡೆಯವರು ಬಂದು ನೋಡಿದರು, ಮೂಸಿದರು, ಬೆರಳಿನಲ್ಲಿ ನೊರೆ ಮುಟ್ಟಿದರು. ಎಲ್ಲರದೂ ಒಂದೇ ಪ್ರಶ್ನೆ: ‘ನಿಮ್ಮೂರಾಗ ಯಾರ ಹೊಂಡಕ್ಕ ಹಾಕ್ಯಾರ್ರಿ?’ ಹುಟ್ಟಿದ ಊರಿನವರೇ ಒಯ್ಯದ ಸರಕನ್ನು ಪರಊರಿನವರು ಏಕೆ ಒಯ್ಯಬೇಕು? ಒಂದು ಹೊಂಡವಾದರೂ ನಮ್ಮೂರಲ್ಲಿ ಚೆನ್ನಾಗಿ ಆಗಬೇಕಿತ್ತು. ಆಗದಿದ್ದರೆ ನಾನು ಅದೇ ಅಂಗಡಿಗೆ ಹೋಗಿ, ಅದೇ ಮಾತ್ರೆಯ ಡಬ್ಬಿಯ ಹಿಂದೆ ನಿಲ್ಲಬೇಕಿತ್ತು.

ನಮ್ಮೂರು ಸಂಗೊಳ್ಳಿಯ ಕಡೆ, ಹೊಳೆಗೆ ಹತ್ತಿರ. ಅಲ್ಲಿ ನನ್ನ ಗೆಳೆಯನದೊಂದು ಹೊಂಡವಿತ್ತು. ಒಂದನೆಯ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವರದು ಊರ ನಡುವಿನ ಲಿಂಗವಂತ ಒಕ್ಕಲುತನದ ಮನೆ, ದೊಡ್ಡ ಹೊಲ. ನಮ್ಮದು ಊರ ಹೊರಗಿನ ಓಣಿ, ಅಜ್ಜನ ಕಾಲದಿಂದ ಬುದ್ಧನ ಮೂರ್ತಿ ಇಟ್ಟುಕೊಂಡ ಮನೆ. ಅವನು ನಮ್ಮ ಮನೆಗೆ ಬಂದು ನನ್ನ ಅವ್ವ ಮಾಡಿದ ರೊಟ್ಟಿ ತಿನ್ನುತ್ತಿದ್ದ, ಬಾಯಿ ತೊಳೆದುಕೊಂಡು ತನ್ನ ಮನೆಗೆ ಹೋಗುತ್ತಿದ್ದ. ನಾನು ಅವರ ಮನೆಗೆ ಹೋದರೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದವರಲ್ಲ. ಅಷ್ಟು ಗಟ್ಟಿಯಾಗಿತ್ತು ನಮ್ಮ ಗೆಳೆತನ ಎಂದು ನಾನು ತಿಳಿದುಕೊಂಡಿದ್ದೆ.

ಆ ಹೊಂಡ ತೋಡಿದಾಗ ಅವನ ಅವ್ವ ಎರಡು ದಿನ ಊಟ ಬಿಟ್ಟಿದ್ದರು. ತತ್ತಿ ಒಡೆದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನೆ ಅದು; ಅಲ್ಲಿ ಮೀನು. ಆದರೆ ಆ ಹೊಲ ಸವಳಾಗಿ ಜೋಳವೂ ಬೆಳೆಯದ ಸ್ಥಿತಿಗೆ ಬಂದಿತ್ತು. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ‘ಮಾರೂದು ನಿಮ್ಮ ಕರ್ಮ, ಉಣಿಸೂದು ನನ್ನದು’ ಎಂದರು. ಅಂದಿನಿಂದ ಮೀನಿನ ಕೂಳು ಕಲಸುವ ಕೆಲಸ ಅವರದೇ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಬುಟ್ಟಿ ಹೊತ್ತು ಹೊಂಡದ ದಂಡೆಗೆ ಹೋಗಿ ಮೊದಲ ಹಿಡಿ ಕೂಳನ್ನು ತಮ್ಮ ಕೈಯಿಂದಲೇ ಎಸೆಯುತ್ತಿದ್ದರು. ಮೀನುಗಳು ಅವರ ಕಾಲಿನ ಸಪ್ಪಳಕ್ಕೇ ದಂಡೆಗೆ ಬರುತ್ತಿದ್ದವು. ಅವಕ್ಕೆ ‘ಬರ್ರೆಪಾ, ಉಣ್ಣರ್ರೆಪಾ’ ಎನ್ನುತ್ತಿದ್ದರು. ಅದನ್ನು ಕಂಡು ನಗುತ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಆ ಹೆಂಗಸಿನ ಬಗ್ಗೆ ನನಗೆ ಪ್ರೀತಿಯೂ ಇತ್ತು.

ಹಿಂದಿನ ಬೆಳೆಯಲ್ಲಿ ಆ ಹೊಂಡಕ್ಕೆ ಕೆಂಪು ಕಲೆಯ ರೋಗ ಬಂದು ಮಾತ್ರೆಯೂ ನಾಟದೆ ಹೋಗಿತ್ತು. ಹೊಸ ಮರಿ ಬಿಟ್ಟ ದಿನ ನಾನು ದಂಡೆಯ ಮೇಲೆ ನಿಂತು ಗೆಳೆಯನಿಗೆ ಹೇಳಿದೆ: ‘ಈ ಸಲ ಮಾತ್ರಿ ಮುಟ್ಟಬ್ಯಾಡ. ಮೊದಲಿನಿಂದ ಹೆಪ್ಪು ಹಾಕೋಣು. ವಾರಕ್ಕೊಮ್ಮೆ ನಾನ ತಂದು ಕೊಡತೇನಿ.’

‘ನೀ ಅಂದಮ್ಯಾಲ ಮುಗೀತು’ ಎಂದ. ಆ ಮಾತಿಗೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದವನೇ ಹೆಂಡತಿಗೆ ಎರಡೆರಡು ಸಲ ಹೇಳಿದೆ.

ಹಾಗೆ ವಾರಕ್ಕೊಂದು ಕ್ಯಾನು ಆ ಮನೆಯ ಕಟ್ಟೆ ಸೇರತೊಡಗಿತು. ಅವನ ಅವ್ವ ಹೊರಗೆ ಬಂದು ‘ಬಂದೇನಪಾ, ಕುಂಡ್ರು’ ಎನ್ನುತ್ತಿದ್ದರು. ಚಹಾ ಬರುತ್ತಿತ್ತು. ಮೊದಲೆಲ್ಲ ನನಗೆಂದು ಕಟ್ಟೆಯ ಗೂಡಿನಲ್ಲಿ ಬೇರೆ ಕಪ್ಪು ಇರುತ್ತಿತ್ತು. ಈಗ ಪೇಪರ್ ಕಪ್ಪು ಬಂದು ಎಲ್ಲರಿಗೂ ಸಲೀಸಾಗಿದೆ. ನನಗೆ ಪೇಪರ್ ಕಪ್ಪು, ನನ್ನ ಜೊತೆ ಕುಳಿತ ಗೆಳೆಯನಿಗೆ ಸ್ಟೀಲಿನದು. ನಾನು ಕುಡಿದು ಕಪ್ಪನ್ನು ಮುದ್ದೆ ಮಾಡಿ ಚರಂಡಿಗೆ ಎಸೆದು ಬರುತ್ತಿದ್ದೆ. ಹಿಂದಿನ ವಾರದ ಖಾಲಿ ಕ್ಯಾನನ್ನು ತೊಳೆದು ಬೋರಲು ಹಾಕಿಟ್ಟಿರುತ್ತಿದ್ದರು. ಅದರಲ್ಲಿ ಬೇಯಿಸಿದ ಬೆಲ್ಲದ ವಾಸನೆ ಇರುತ್ತಿತ್ತು. ಬಿಸಿನೀರು ಹಾಕಿ ತೊಳೆಯುತ್ತಾರೆ, ಅಚ್ಚುಕಟ್ಟಿನ ಹೆಂಗಸು ಎಂದುಕೊಂಡೆ.

ಮಳೆ ಹಿಂದಾಗಿ ಚಳಿ ಬೀಳುವ ಹೊತ್ತಿಗೆ ಗೆಳೆಯನ ಫೋನು ಬಂತು. ‘ಎರಡು ಮೀನ ತೇಲ್ಯಾವು. ಹೊಟ್ಟಿ ಕೆಂಪಗಾಗೇತಿ.’ ಓಡಿಹೋಗಿ ನೋಡಿದೆ. ಅದೇ ಕಲೆ, ಅದೇ ಕಿತ್ತು ನಿಂತ ಹುರುಪೆ. ಅರ್ಧ ನೀರು ಬದಲಿಸಿದೆವು, ಕೂಳು ಕಡಿಮೆ ಮಾಡಿದೆವು. ಮರುದಿನ ಇನ್ನಷ್ಟು ತೇಲಿದವು.

ಅಲ್ಲಿಂದ ನನಗೆ ಊಟ ಸೇರಲಿಲ್ಲ. ತಪ್ಪು ಎಲ್ಲಿ? ಪುಡಿ ಹಳೆಯದೇ? ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಹೆಪ್ಪನ್ನು ಕೊಲ್ಲುತ್ತದೆ. ಆದರೆ ನಾವು ಬಾವಿಯ ನೀರು ಹಾಕುತ್ತಿದ್ದೆವು. ಡ್ರಮ್ಮನ್ನು ಸಾಬೂನು ಹಾಕಿ ತೊಳೆದು ಸರಿಯಾಗಿ ಗಲಬರಿಸಲಿಲ್ಲವೇ ಎಂದು ಹೆಂಡತಿಯ ಮೇಲೆ ರೇಗಿದೆ. ಅವಳು ಡ್ರಮ್ಮಿನ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟಳು. ನೊರೆ ಉಕ್ಕುತ್ತಿತ್ತು, ಹುಳಿ ವಾಸನೆ ಮೂಗಿಗೆ ಬಡಿಯಿತು. ‘ಇದು ಸತ್ತೈತೇನ್ರಿ?’ ಎಂದಳು. ಸತ್ತಿರಲಿಲ್ಲ. ನಮ್ಮ ಮನೆ ಬಿಡುವವರೆಗೂ ಅದು ಚೆನ್ನಾಗಿಯೇ ಬದುಕಿತ್ತು.

ಹೊಂಡದ ನೀರನ್ನು ಇನ್ನೊಮ್ಮೆ ನೋಡಬೇಕೆಂದು ಒಂದು ಬೆಳಗ್ಗೆ ಹೇಳದೆ ಕೇಳದೆ ಹೋದೆ. ಹಿಂದಿನ ದಿನವಷ್ಟೇ ಹೊಸ ಕ್ಯಾನು ಕೊಟ್ಟು ಬಂದಿದ್ದೆ. ಮನೆಯ ಮಗ್ಗುಲಿನ ದನದ ಕೊಟ್ಟಿಗೆ ದಾಟಿ ಹೋಗುವಾಗ ಹುಗ್ಗಿ ಮಾಡುವಾಗಿನ ಹಾಗೆ ಬೆಲ್ಲ ಬೇಯುವ ವಾಸನೆ ಬಂತು. ಕೊಟ್ಟಿಗೆಯ ಮೂಲೆಯಲ್ಲಿ, ಸ್ನಾನದ ನೀರು ಕಾಸುವ ಒಲೆಯ ಮೇಲೆ ದೊಡ್ಡ ಪಾತ್ರೆ. ಗೆಳೆಯನ ಅವ್ವ ಉದ್ದನೆಯ ಸೌಟಿನಿಂದ ತಿರುವುತ್ತಿದ್ದರು. ಪಕ್ಕದಲ್ಲಿ ನನ್ನ ಕ್ಯಾನು, ಖಾಲಿ.

ಹತ್ತಿರ ಹೋಗಿ ಕೇಳಿದೆ: ‘ಇದೇನ್ರಿ ಅವ್ವಾರ?’

‘ನಿನ್ನ ಹೆಪ್ಪೋ ತಮ್ಮಾ. ಒಂದು ಕುದಿ ಬರಿಸಿ ಇಳಸತೇನಿ. ಆರಿದ ಮ್ಯಾಲ ತಿರುಗಿ ಕ್ಯಾನಿಗಿ ತುಂಬಿಟ್ಟು, ಹಿಂಡಿಗಿ ಕಲಸೂದು.’

‘ಪ್ರತಿ ಸಲಾ ಹಿಂಗ ಕಾಸತೀರೇನ್ರಿ?’

‘ಕಾಸದ ಹೆಂಗೋ? ಪೂಜಿ ಮಾಡಿದ ಕೈಲೆ ಮುಟ್ಟೂದು. ಹೊರಗಿಂದ ಬಂದದ್ದು ಒಮ್ಮಿ ಬೆಂಕಿ ಕಾಣಬೇಕು.’ ಅವರ ದನಿಯಲ್ಲಿ ಕಳ್ಳತನವಾಗಲಿ ಕಹಿಯಾಗಲಿ ಇರಲಿಲ್ಲ. ಅಕ್ಕಿ ಆರಿಸಿ ಹಾಕಬೇಕು ಎಂದು ಹೇಳುವಷ್ಟು ಸಹಜವಾಗಿ ಹೇಳಿದರು.

ಒಂದು ಕ್ಷಣ ನನಗೂ ಆಸೆಯಾಯಿತು, ಇದು ಬರೀ ತಿಳಿಯದೆ ಆದದ್ದಿರಲಿ ಎಂದು. ಹಳೆಯ ಕಾಲದ ಹೆಂಗಸು, ಎಲ್ಲವನ್ನೂ ಕಾಸುತ್ತಾರೆ, ಅಷ್ಟೇ. ಹಾಗಿದ್ದರೆ ಕೂತು ವಿವರಿಸಿ ನಗಬಹುದಿತ್ತು. ಅದಕ್ಕೇ ಕೇಳಿದೆ: ‘ಪ್ಯಾಟಿಯಿಂದ ಮೊಸರಿನ ಪಾಕೀಟ ತರತೀರಲ್ರಿ, ಅದನ್ನೂ ಕಾಸತೀರೇನು?’

‘ಅದನ್ಯಾಕ ಕಾಸಲಿ? ಅದು ಡೇರಿದಲ್ಲೇನೋ’ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಏನೋ ಹೊಳೆದಿರಬೇಕು. ಸೌಟು ನಿಂತಿತು. ನನ್ನ ಮುಖ ನೋಡದೆ ಒಲೆಯ ಕಟ್ಟಿಗೆ ಹಿಂದಕ್ಕೆಳೆದರು.

ನಮ್ಮ ಕಡೆ ಹೆಪ್ಪು ಮನೆಯಿಂದ ಮನೆಗೆ ನಡೆಯುವ ವಸ್ತು. ಸಂಜೆ ಹಾಲು ಕಾಸಿಟ್ಟು, ಮನೆಯಲ್ಲಿ ಮಜ್ಜಿಗೆ ಮುಗಿದಿದ್ದರೆ ಪಕ್ಕದ ಮನೆಗೆ ಒಂದು ಬಟ್ಟಲು ಕಳಿಸುತ್ತಾರೆ. ನಮ್ಮ ಓಣಿಯ ಹೆಪ್ಪು ನಮ್ಮ ಓಣಿಯಲ್ಲೇ ತಿರುಗುತ್ತಿತ್ತು. ನನ್ನ ಅವ್ವ ಹಸಿ ಶೇಂಗಾ ಕಳಿಸಿದರೆ, ಹೆಸರುಕಾಳು ಕಳಿಸಿದರೆ ಇದೇ ಮನೆಯವರು ತೆಗೆದುಕೊಳ್ಳುತ್ತಿದ್ದರು. ಬೇಯಿಸಿದ್ದನ್ನು ಕಳಿಸುವ ಹುಚ್ಚು ಅವ್ವನಿಗೆ ಇರಲಿಲ್ಲ. ನನ್ನ ಕ್ಯಾನಿನಲ್ಲಿದ್ದದ್ದು ಹಸಿಯೂ ಅಲ್ಲ, ಬೆಂದದ್ದೂ ಅಲ್ಲ. ಅದನ್ನು ಎಲ್ಲಿಗೆ ಸೇರಿಸಬೇಕೆಂದು ತಿಳಿಯದೆ ಅವರು ಒಲೆಗೆ ಸೇರಿಸಿದ್ದರು. ಹೆಪ್ಪು ಕಾಸಬಾರದು ಎಂಬುದು ಗೊತ್ತಿಲ್ಲದವರೇ ಆ ಹೆಂಗಸು? ಆಕೆಯ ಮೊಸರನ್ನು ಇಡೀ ಊರು ಹೊಗಳುತ್ತಿತ್ತು.

ಗೆಳೆಯ ಹಲ್ಲುಜ್ಜುತ್ತ ಹೊರಗೆ ಬಂದವನು ಪಾತ್ರೆ ನೋಡಿದ, ನನ್ನನ್ನು ನೋಡಿದ. ಅವನಿಗೆ ಹೊಸದಾಗಿ ತಿಳಿದದ್ದೋ, ಮೊದಲೇ ಗೊತ್ತಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಬಾಯಿ ಮುಕ್ಕಳಿಸಿ ಉಗುಳಿ, ‘ಅವ್ವಾ, ನೀ ಒಳಗ ನಡಿ’ ಎಂದ. ಅವರು ಹೋದರು.

‘ಕಾಸಿದರ ಅದು ಸಾಯತೈತಿ. ಇಷ್ಟು ದಿನಾ ನಿನ್ನ ಮೀನಿಗಿ ಬರೇ ಬೆಲ್ಲದ ಗಂಜಿ ಹಾಕೀರಿ’ ಎಂದೆ.

‘ತಿಳೀತು. ಇನ್ನ ಮುಂದ ನಾ ನೋಡಕೋತೇನಿ. ನೀ ಮನಸಿಗಿ ಹಚ್ಚಿಕೋಬ್ಯಾಡ.’

ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುವುದು ಎಷ್ಟು ಸುಲಭ. ಆ ಪಾತ್ರೆಯನ್ನು ಒದ್ದು ಬರಬೇಕೆನ್ನಿಸಿತು. ಒದೆಯಲಿಲ್ಲ. ಇನ್ನೂ ಬದುಕಿದ ಮೀನುಗಳಿದ್ದವು, ಅವನ್ನು ಉಳಿಸಬಹುದು ಎಂಬ ಆಸೆ ಇತ್ತು. ಮನೆಗೆ ಹೋಗಿ ಹೊಸ ಕ್ಯಾನು ತಂದು, ದಂಡೆಯ ಮೇಲೆ ನಾನೇ ನಿಂತು ಹಿಂಡಿ ಕಲಸಿದೆ. ಆದರೆ ಕೆಟ್ಟವು ಅಷ್ಟರಲ್ಲಿ ಸೀಟು ಹಿಡಿದು ಕುಳಿತಾಗಿತ್ತು. ಮೀನುಗಳು ಕೂಳನ್ನೇ ಮುಟ್ಟಲಿಲ್ಲ.

ಉಳಿದಷ್ಟನ್ನಾದರೂ ಹಿಡಿದುಬಿಡೋಣ ಎಂದು ಬಲೆ ಹಾಕಿದ ದಿನ, ಸುದ್ದಿ ಕೇಳಿ ಮುರಗೋಡದ ಕಡೆಯ ಇಬ್ಬರು, ರಾಮದುರ್ಗದ ಕಡೆಯ ಒಬ್ಬರು ಬಂದು ದಂಡೆಯ ಮೇಲೆ ನಿಂತಿದ್ದರು. ಈ ಹೊಂಡ ಚೆನ್ನಾಗಿ ಆದರೆ ನನ್ನ ಹೆಪ್ಪು ಒಯ್ಯುತ್ತೇವೆ ಎಂದು ಬಾಯಿಮಾತು ಕೊಟ್ಟವರು ಅವರೇ. ಬಲೆಯಲ್ಲಿ ಬಂದದ್ದರಲ್ಲಿ ಅರ್ಧಕ್ಕರ್ಧ ಹೊಟ್ಟೆ ಉಬ್ಬಿದವು. ನಾನು ಸತ್ತವನ್ನು ಬುಟ್ಟಿಗೆ ತುಂಬುತ್ತಿದ್ದೆ. ಆ ಕೆಲಸಕ್ಕೆ ಆ ಮನೆಯವರು ಯಾರೂ ಕೈ ಹಾಕುವವರಲ್ಲ. ಅವನ ಅವ್ವ ದೂರದಲ್ಲಿ ಬೇವಿನ ಮರದ ಕೆಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು.

ರಾಮದುರ್ಗದ ಕಡೆಯವರು ಗೆಳೆಯನನ್ನು ಕೇಳಿದರು: ‘ಏನಾತ್ರಿ ಸಾವ್ಕಾರ? ಹೆಪ್ಪು ಹಾಕಿದ್ರಿ ಅಂದ್ರು.’

ಅವನು ಒಮ್ಮೆ ಮರದ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. ‘ಹಾಕಿದ್ವಿರಿ. ವಾರಾ ತಪ್ಪದ ಹಾಕಿದ್ವಿ. ನಮ್ಮ ನೀರಿಗಿ ಹತ್ತಲಿಲ್ಲ ನೋಡ್ರಿ’ ಎಂದ. ಆಮೇಲೆ, ಅದು ಸಾಲದು ಎನ್ನಿಸಿತೋ ಏನೋ, ‘ಸರಕ ಹೆಂಗಿತ್ತೋ ಏನೋ’ ಎಂದು ಸೇರಿಸಿದ.

ನಾನು ಬಗ್ಗಿದಲ್ಲೇ ಇದ್ದೆ. ಕೈಯಲ್ಲಿ ಒಂದು ಕಾಟ್ಲಾ ಇತ್ತು, ಜಾರುತ್ತಿತ್ತು. ಎದ್ದು ನಿಂತು ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಏನೆಂದು ಹೇಳುವುದು? ನನ್ನ ಕೈಯಿಂದ ಬಂದದ್ದೆಂದು ಈ ಮನೆಯಲ್ಲಿ ಕುದಿಸಿದರು ಎಂದೇ? ಆ ಮೂವರೂ ಅಂಥದೇ ಮನೆಗಳಿಂದ ಬಂದವರು. ಅವರು ತಲೆ ಅಲ್ಲಾಡಿಸಿ, ಮನಸ್ಸಿನಲ್ಲೇ ತಮ್ಮ ತಮ್ಮ ಮನೆಯ ಹೆಂಗಸರನ್ನು ನೆನೆಸಿಕೊಂಡು, ಈ ಉಸಾಬರಿಯೇ ಬೇಡವೆಂದು ಹೋಗುತ್ತಿದ್ದರು. ಜೊತೆಗೆ ಮರದ ಕೆಳಗಿನ ಹೆಂಗಸು ಅಳುತ್ತಿದ್ದರು. ಆ ಮೀನುಗಳಿಗಾಗಿ ಆ ದಂಡೆಯ ಮೇಲೆ ನಿಜವಾಗಿ ಅಳುತ್ತಿದ್ದವರು ಅವರೊಬ್ಬರೇ. ನಾನು ಮೀನನ್ನು ಬುಟ್ಟಿಗೆ ಹಾಕಿದೆ.

‘ಸದ್ಯಕ್ಕ ಬ್ಯಾಡ್ರಿ, ಮುಂದ ನೋಡೋಣು’ ಎಂಬ ಫೋನುಗಳು ಒಂದರ ಹಿಂದೊಂದು ಬಂದವು. ಹಿತ್ತಲಿನ ಡ್ರಮ್ಮುಗಳಲ್ಲಿದ್ದದ್ದನ್ನು ಹೆಂಡತಿ ನುಗ್ಗೆ ಗಿಡದ ಬುಡಕ್ಕೆ ಸುರಿದಳು. ಅಂಗಡಿಯವರು ಒಳ್ಳೆಯವರು, ಹಳೆಯ ಕೆಲಸ ತಿರುಗಿ ಕೊಟ್ಟರು. ಮೊದಲ ದಿನವೇ ಒಬ್ಬ ರೈತ ಮೀನಿನ ಫೋಟೊ ತಂದು ತೋರಿಸಿದ. ನಾನು ಮಾತ್ರೆಯ ಡಬ್ಬಿ ಕೊಟ್ಟೆ.

ಬೇಸಿಗೆ ಕಳೆದು ಗೆಳೆಯ ಹೊಂಡಕ್ಕೆ ಮತ್ತೆ ಮರಿ ಬಿಟ್ಟ. ಒಂದು ಮಧ್ಯಾಹ್ನ ನನ್ನ ಮನೆಗೆ ಬಂದ. ಯಾವತ್ತಿನ ಹಾಗೆ ಒಳಗೆ ಬಂದು ಮಂಚದ ಮೇಲೆ ಕುಳಿತ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದ. ಬಹಳ ಹೊತ್ತು ಮಳೆಯ ವಿಷಯ ಮಾತಾಡಿದ. ಆಮೇಲೆ ಅಂದ, ‘ಒಂದು ಡ್ರಮ್ ಹೆಪ್ಪು ಮಾಡಿಕೊಡು. ಮನಿಗಿ ತರೂದು ಬ್ಯಾಡ. ನಾನ ಇಲ್ಲಿಂದ ನೆಟ್ಟಗ ಹೊಂಡಕ್ಕ ಒಯ್ಯತೇನಿ. ಅವ್ವಗ ಗೊತ್ತ ಆಗೂದಿಲ್ಲ.’

‘ಸರಕ ಕೆಟ್ಟಿತ್ತಲ್ಲಾ?’ ಎಂದೆ.

ಅವನು ತಲೆ ತಗ್ಗಿಸಿದ. ‘ಸರಕ ಚಲೋ ಇತ್ತು. ನನಗ ಗೊತ್ತೈತಿ.’

‘ಹಂಗಾದರ ಆ ಮೂರು ಮಂದಿಗಿ ಫೋನ್ ಹಚ್ಚು. ಈಗ, ನನ್ನ ಮುಂದ. ಇಷ್ಟ ಹೇಳು, ಸರಕ ಚಲೋ ಇತ್ತು, ನಮ್ಮ ಮನ್ಯಾಗ ಕಾಸಿದ್ವಿ ಅಂತ. ಯಾಕ ಕಾಸಿದಿರಿ ಅಂತ ನಾ ಕೇಳೂದಿಲ್ಲ, ಅವರೂ ಕೇಳೂದಿಲ್ಲ.’

ಅವನು ಖಾಲಿ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ. ಒಳಗೆ ಹೆಂಡತಿಯ ಪಾತ್ರೆಯ ಸದ್ದೂ ನಿಂತಿತ್ತು, ಅವಳೂ ಕೇಳಿಸಿಕೊಳ್ಳುತ್ತಿದ್ದಳು.

‘ಅವ್ವ ಇರೂ ತನಕಾ ಬ್ಯಾಡೋ’ ಎಂದ. ‘ಆಕಿ ಹೆಸರು ಮಂದಿ ಬಾಯಾಗ ಬರತೈತಿ. ಆಕಿ ಹೋದ ಮ್ಯಾಲ ನಾನ ಎಲ್ಲಾರ ಮುಂದ ಹೇಳತೇನಿ. ಆಣಿ ಮಾಡಿ ಹೇಳತೇನಿ.’

ಅವನ ಕಣ್ಣಲ್ಲಿ ನೀರಿತ್ತು. ಮಾತು ಮನಸ್ಸಿನಿಂದಲೇ ಬಂದಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಪಾಪ, ಮರಿಗಳೇನು ಮಾಡಿದ್ದವು ಎಂದು ಹೆಪ್ಪು ಮಾಡಿಕೊಡಲು ಒಪ್ಪಿದೆ. ಮುಂದಿನ ವಾರ ಬಾ ಎಂದೆ.

ಅವನ ಗಾಡಿ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಅವನ ಅವ್ವನ ಸಾವನ್ನು ನಾನು ಯಾವತ್ತೂ ಬಯಸಿದವನಲ್ಲ. ಈಗಲೂ ಬಯಸುವುದಿಲ್ಲ. ಆದರೆ ಅಲ್ಲಿ ನಿಂತು ನಾನು ಮಾಡುತ್ತಿದ್ದದ್ದು ಏನೆಂದು ಸ್ವಲ್ಪ ಹೊತ್ತಿನ ಮೇಲೆ ನನಗೇ ತಿಳಿಯಿತು. ನನ್ನ ಅವ್ವನಿಗಿಂತ ಅವರು ಎಷ್ಟು ಹಿರಿಯರು, ನನ್ನ ಅವ್ವ ಹೋಗಿ ಎಷ್ಟು ವರ್ಷವಾಯಿತು, ಅಂದರೆ ಅವರಿಗೆ ಈಗ ಎಷ್ಟಾಗಿರಬಹುದು ಎಂದು ಎಣಿಸುತ್ತಿದ್ದೆ.